ಕರುಳಿನ ಕ್ಯಾನ್ಸರ್‌ಗೆ ರಕ್ತದ ಟೆಸ್ಟ್ ಬಂದಿದೆ ಅಂತಾರೆ: ಅದನ್ನು ಅಳೆಯುವುದು ಹೇಗೆ?

ದಾವಣಗೆರೆಯ ಒಂದು ಲ್ಯಾಬ್‌ನಲ್ಲಿ ನಾನು ಬಯೋಕೆಮಿಸ್ಟ್ರಿ ವಿಭಾಗ ನೋಡಿಕೊಳ್ಳುತ್ತೇನೆ. ಹಾಗಾಗಿ ನೆಂಟರು, ಓಣಿಯವರು, ಪರಿಚಯದವರು ಎಲ್ಲರೂ ರಿಪೋರ್ಟಿನ ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಾರೆ. ಸಕ್ಕರೆ, ಥೈರಾಯ್ಡ್ ಆದರೆ ಎರಡು ಸಾಲಿನಲ್ಲಿ ಉತ್ತರ ಮುಗಿಯುತ್ತದೆ. ಈಚೆಗೆ ಜಾಸ್ತಿ ಬರುತ್ತಿರುವ ಪ್ರಶ್ನೆ ಬೇರೆ. "ಫುಲ್ ಬಾಡಿ ಚೆಕಪ್‌ನಲ್ಲಿ ಸಿಇಎ 6.2 ಬಂದಿದೆ, ಕ್ಯಾನ್ಸರ್ ಇದೆಯಾ ಅಕ್ಕಾ?" ಇಲ್ಲವೇ, "ಸಿಇಎ ನಾರ್ಮಲ್ ಬಂತು, ಕರುಳಿನ ಚಿಂತೆ ಬಿಡಬಹುದಲ್ವಾ?" ಡಲ್ಲಾಸ್‌ನಲ್ಲಿರುವ ಚಿಕ್ಕಪ್ಪನ ಮಗ ಇನ್ನೊಂದು ಕೇಳಿದ: "ಇಲ್ಲಿ ಶೀಲ್ಡ್ ಅಂತ ರಕ್ತದ ಟೆಸ್ಟ್ ಇದೆ ಅಕ್ಕಾ. ಕೊಲೊನೋಸ್ಕೋಪಿ ಬದಲು ಅದನ್ನೇ ಮಾಡಿಸಲಾ?"

ಸಿಇಎ ಅಂದರೆ ರಕ್ತದಲ್ಲಿ ಅಳೆಯುವ ಒಂದು ಪ್ರೋಟೀನ್. ಕೊಲೊನೋಸ್ಕೋಪಿ ಅಂದರೆ ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ಬಿಟ್ಟು ದೊಡ್ಡ ಕರುಳಿನ ಒಳಗನ್ನು ನೋಡುವುದು. ಮೂರು ಪ್ರಶ್ನೆಗೂ ಉತ್ತರ ಬೇರೆ ಬೇರೆ. ಆದರೆ ಉತ್ತರ ಹುಡುಕುವ ದಾರಿ ಒಂದೇ. ಆ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಕೂಡಿಸಿ ಕಳೆಯುವ ಲೆಕ್ಕ ಬಂದರೆ ಸಾಕು, ಯಾರು ಬೇಕಾದರೂ ಮಾಡಬಹುದು.

ಮೊದಲು ಕೇಳಿ: ಈ ಟೆಸ್ಟ್ ಯಾವ ಕೆಲಸಕ್ಕೆ?

ಕರುಳಿನ ಕ್ಯಾನ್ಸರ್ ವಿಷಯದಲ್ಲಿ ರಕ್ತದ ಟೆಸ್ಟ್‌ಗೆ ಮೂರು ಕೆಲಸ ಇರಬಹುದು. ಏನೂ ತೊಂದರೆ ಇಲ್ಲದ ಜನರಲ್ಲಿ ರೋಗ ಹುಡುಕುವುದು ಒಂದು. ಇದಕ್ಕೆ ಸ್ಕ್ರೀನಿಂಗ್ ಅಂತಾರೆ. ತೊಂದರೆ ಇರುವವರಲ್ಲಿ ಕಾರಣ ಪತ್ತೆ ಮಾಡುವುದು ಎರಡನೆಯದು. ಕ್ಯಾನ್ಸರ್ ಗೊತ್ತಾಗಿ ಆಪರೇಷನ್ ಆದವರಲ್ಲಿ ಅದು ಮರಳಿ ಬರುತ್ತಿದೆಯಾ ಎಂದು ಕಾಯುವುದು ಮೂರನೆಯದು. ಒಂದು ಕೆಲಸಕ್ಕೆ ಒಳ್ಳೆಯದಾದ ಟೆಸ್ಟ್ ಇನ್ನೊಂದಕ್ಕೆ ಪೂರ್ತಿ ಕೆಟ್ಟದ್ದಾಗಿರಬಹುದು.

ಸಿಇಎ ಇದಕ್ಕೆ ಸರಿಯಾದ ಉದಾಹರಣೆ. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಈ ಪ್ರೋಟೀನನ್ನು ಕಂಡುಹಿಡಿದರು. ಇವತ್ತಿಗೂ ಮೂರನೆಯ ಕೆಲಸಕ್ಕೆ ಇದು ಬೇಕೇ ಬೇಕು. ಆಪರೇಷನ್ ಆದ ಮೇಲೆ ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷ ತುಂಬುವ ತನಕ 6 ತಿಂಗಳಿಗೊಮ್ಮೆ ಮಾಡಿಸುತ್ತಾರೆ. ಕೆಳಗಿದ್ದ ಅಂಕಿ ಮೆಲ್ಲಗೆ ಮೇಲೇರಿದರೆ ಡಾಕ್ಟರು ಸ್ಕ್ಯಾನ್ ಬರೆಯುತ್ತಾರೆ. ಮೊದಲನೆಯ ಕೆಲಸಕ್ಕೆ, ಅಂದರೆ ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕಲಿಕ್ಕೆ, ಇದನ್ನು ಬಳಸಬೇಡಿ ಎಂದೇ ಕ್ಯಾನ್ಸರ್ ತಜ್ಞರ ಸಂಘಗಳು ಹೇಳುತ್ತವೆ. ಆದರೂ ಪ್ಯಾಕೇಜುಗಳಲ್ಲಿ "ಕ್ಯಾನ್ಸರ್ ಮಾರ್ಕರ್" ಎಂಬ ಹೆಸರಿನಲ್ಲಿ ಇದೇ ಇರುತ್ತದೆ. ಅದೇ ಮಷೀನು, ಅದೇ ಕಿಟ್, ಅದೇ ಅಂಕಿ. ಕೇಳುವ ಪ್ರಶ್ನೆ ಮಾತ್ರ ತಪ್ಪು. ಲ್ಯಾಬ್‌ನಲ್ಲಿ ಕೆಲಸ ಮಾಡುವವಳಾಗಿ ನನಗೆ ಬೇಜಾರಾಗುವುದು ಇಲ್ಲೇ.

ಆಮೇಲೆ ಕೇಳಿ: ಯಾರ ಮೇಲೆ ಪರೀಕ್ಷೆ ಮಾಡಿ ನೋಡಿದರು?

ಹೊಸ ಟೆಸ್ಟ್ ಬಗ್ಗೆ "95 ಪರ್ಸೆಂಟ್ ಹಿಡಿಯುತ್ತದೆ" ಎಂದು ಓದಿದರೆ ಮೊದಲು ಇದನ್ನೇ ನೋಡಿ. ಹೆಚ್ಚಿನ ಸುದ್ದಿಗಳು ಇಲ್ಲೇ ಉದುರಿಹೋಗುತ್ತವೆ.

1969ರಲ್ಲಿ ಸಿಇಎಯ ಮೊದಲ ರಕ್ತಪರೀಕ್ಷೆಯ ಫಲಿತಾಂಶ ಬಂತು. ಕರುಳಿನ ಕ್ಯಾನ್ಸರ್ ಇದ್ದ 36 ಜನರಲ್ಲಿ 35 ಜನರ ರಕ್ತದಲ್ಲಿ ಅದು ಸಿಕ್ಕಿತು. ಆರೋಗ್ಯವಂತರಲ್ಲಿ ಸಿಗಲಿಲ್ಲ. ಜಗತ್ತೇ ಸಂತೋಷಪಟ್ಟಿತು. ಆಮೇಲೆ ಬೇರೆಯವರು ಬೇರೆ ರೋಗಿಗಳ ಮೇಲೆ ಮಾಡಿದಾಗ ಆ ಅಂಕಿ ನಿಲ್ಲಲಿಲ್ಲ. ಕ್ಯಾನ್ಸರ್ ಚಿಕ್ಕದಾಗಿದ್ದವರಲ್ಲಿ ಸಿಇಎ ಏರಿರಲಿಲ್ಲ. ಲಿವರ್ ತೊಂದರೆ, ಪ್ಯಾಂಕ್ರಿಯಾಸ್ ಊತ, ಕರುಳಿನ ಉರಿಯೂತ ಇದ್ದವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಿತ್ತು. 1978ರಲ್ಲಿ ರಾನ್ಸಾಫ್ ಮತ್ತು ಫೈನ್‌ಸ್ಟೀನ್ ಎಂಬ ಇಬ್ಬರು ವೈದ್ಯರು ಇದನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಬರೆದರು. ಒಂದು ಕಡೆ ತುಂಬಾ ಕಾಯಿಲೆಯವರು, ಇನ್ನೊಂದು ಕಡೆ ಪೂರ್ತಿ ಆರೋಗ್ಯವಂತರು. ಇವರಿಬ್ಬರನ್ನು ಮಾತ್ರ ಹೋಲಿಸಿದರೆ ಯಾವ ಟೆಸ್ಟ್ ಆದರೂ ಚೆನ್ನಾಗಿಯೇ ಕಾಣುತ್ತದೆ.

ಅದೇ ಕಥೆ ಮತ್ತೆ ನಡೆಯಿತು. ಸೆಪ್ಟಿನ್ 9 ಎಂಬ ಜೀನಿನ ಮೇಲೆ ಕ್ಯಾನ್ಸರ್ ಬಿಡುವ ಒಂದು ಗುರುತನ್ನು ರಕ್ತದಲ್ಲಿ ಹುಡುಕುವ ಟೆಸ್ಟ್ ಬಂತು. ಮೊದಮೊದಲು ಆಸ್ಪತ್ರೆಯ ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿದಾಗ ಅದು ಕ್ಯಾನ್ಸರ್ ಇದ್ದವರಲ್ಲಿ ನೂರಕ್ಕೆ ಸುಮಾರು 70 ಜನರನ್ನು ಹಿಡಿಯಿತು. ಆಮೇಲೆ ಪ್ರಿಸೆಪ್ಟ್ ಎಂಬ ಅಧ್ಯಯನದಲ್ಲಿ, ಏನೂ ತೊಂದರೆಯಿಲ್ಲದೆ ಸ್ಕ್ರೀನಿಂಗ್‌ಗೆ ಬಂದ ಜನರ ಮೇಲೆ ಮಾಡಿದರು. 2014ರಲ್ಲಿ ಪ್ರಕಟವಾದ ಅದರ ಫಲಿತಾಂಶ 48ಕ್ಕೆ ಇಳಿದಿತ್ತು. ಮೊದಲ ಹಂತದ ಕ್ಯಾನ್ಸರ್‌ನಲ್ಲಿ 35. ಟೆಸ್ಟ್ ಬದಲಾಗಿರಲಿಲ್ಲ ಎನ್ನಬಹುದು, ಪರೀಕ್ಷೆಗೆ ಕೂತ ಜನ ಬದಲಾಗಿದ್ದರು.

ಹಾಗಾಗಿ ಲೇಖನವೋ ಜಾಹೀರಾತೋ ಸಿಕ್ಕಿದರೆ ಹುಡುಕಬೇಕಾದ್ದು ಇದು: ಜನರನ್ನು ಎಲ್ಲಿಂದ ಕರೆತಂದರು? "ಸ್ಕ್ರೀನಿಂಗ್‌ಗೆ ಬಂದವರನ್ನು ಸಾಲಾಗಿ ಸೇರಿಸಿಕೊಂಡೆವು" ಎಂದಿದ್ದರೆ ಮುಂದೆ ಓದಿ. "ಕ್ಯಾನ್ಸರ್ ಇದ್ದ 120 ಜನ, ಆರೋಗ್ಯವಂತ 120 ಜನ" ಎಂಬ ಥರ ಇದ್ದರೆ ಅದು ಇನ್ನೂ ಶುರುವಿನ ಹಂತದ ಸಂಶೋಧನೆ. ಒಳ್ಳೆಯದೇ, ಆದರೆ ನಿಮ್ಮ ಮೇಲೆ ಬಳಸಲು ಇನ್ನೂ ಆಗಿಲ್ಲ. ಇನ್ನೊಂದು ಗಮನಿಸಿ. ಯಾವ ಸ್ಯಾಂಪಲ್‌ಗಳನ್ನು ನೋಡಿ ಟೆಸ್ಟ್ ತಯಾರಿಸಿದರೋ ಅದೇ ಸ್ಯಾಂಪಲ್‌ಗಳ ಮೇಲೆ ಅಂಕ ಕೊಟ್ಟುಕೊಂಡಿದ್ದರೆ ಆ ಅಂಕ ಲೆಕ್ಕಕ್ಕಿಲ್ಲ. ಹೊಸ ಜನ, ಹೊಸ ಸ್ಯಾಂಪಲ್, ಮೊದಲೇ ಬರೆದಿಟ್ಟ ಕಟ್‌ಆಫ್ (ಯಾವ ಅಂಕಿ ದಾಟಿದರೆ ಪಾಸಿಟಿವ್ ಎನ್ನುವ ಗೆರೆ). ಈ ಮೂರೂ ಇರಬೇಕು.

ಯಾವುದಕ್ಕೆ ಹೋಲಿಸಿದರು ಎಂಬುದೂ ಮುಖ್ಯ. ಕರುಳಿನ ಮಟ್ಟಿಗೆ ಸತ್ಯ ಹೇಳುವುದು ಕೊಲೊನೋಸ್ಕೋಪಿ ಮತ್ತು ಬಯಾಪ್ಸಿ, ಅಂದರೆ ಸಣ್ಣ ತುಣುಕು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಅಧ್ಯಯನದಲ್ಲಿ ಇದ್ದ ಎಲ್ಲರಿಗೂ ಕೊಲೊನೋಸ್ಕೋಪಿ ಆಗಿರಬೇಕು, ರಕ್ತದ ಟೆಸ್ಟ್ ಪಾಸಿಟಿವ್ ಬಂದವರಿಗೆ ಮಾತ್ರ ಅಲ್ಲ. ನೆಗೆಟಿವ್ ಬಂದವರನ್ನು ಹಾಗೇ ಮನೆಗೆ ಕಳಿಸಿದರೆ ತಪ್ಪಿಸಿಕೊಂಡ ಕ್ಯಾನ್ಸರ್ ಎಷ್ಟು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಟೆಸ್ಟ್ ಮಾತ್ರ ಚೆನ್ನಾಗಿ ಕಾಣುತ್ತದೆ.

ಈಗ ನಾಲ್ಕು ಮನೆ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ರೋಗ ಇದೆ, ರೋಗ ಇಲ್ಲ ಎಂದು ಮೇಲೆ ಎರಡು ಕಂಬ. ಟೆಸ್ಟ್ ಪಾಸಿಟಿವ್, ನೆಗೆಟಿವ್ ಎಂದು ಪಕ್ಕದಲ್ಲಿ ಎರಡು ಸಾಲು. ನಾಲ್ಕು ಮನೆಯಾದವು. ಈ ನಾಲ್ಕು ಮನೆಗೆ ಅಂಕಿ ತುಂಬಲು ಆಗದ ಯಾವ ಜಾಹೀರಾತನ್ನೂ ನಂಬಬೇಡಿ.

ಶೀಲ್ಡ್ ಟೆಸ್ಟ್‌ನ ಅಂಕಿಯನ್ನೇ ತುಂಬೋಣ. ಇದನ್ನು ಮಾಡಿದ್ದು ಗಾರ್ಡಂಟ್ ಹೆಲ್ತ್ ಎಂಬ ಅಮೆರಿಕದ ಕಂಪನಿ. ರಕ್ತದಲ್ಲಿ ತೇಲಾಡುವ ಡಿಎನ್‌ಎ ತುಣುಕುಗಳಲ್ಲಿ ಗಡ್ಡೆಯಿಂದ ಬಂದವು ಇವೆಯಾ ಎಂದು ನೋಡುತ್ತದೆ. ಅದರ ಎಕ್ಲಿಪ್ಸ್ ಅಧ್ಯಯನ 2024ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಅದೇ ವರ್ಷ ಜುಲೈಯಲ್ಲಿ ಎಫ್‌ಡಿಎ, ಅಂದರೆ ಔಷಧಿ, ಟೆಸ್ಟ್‌ಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ, ಒಪ್ಪಿಗೆ ಕೊಟ್ಟಿತು, 45 ದಾಟಿದ, ವಿಶೇಷ ಅಪಾಯ ಇಲ್ಲದವರಿಗೆ ಮಾತ್ರ.

ಒಟ್ಟು 7,861 ಜನ. ಎಲ್ಲರಿಗೂ ಕೊಲೊನೋಸ್ಕೋಪಿ ಆಗಿತ್ತು. 65 ಜನರಿಗೆ ಕ್ಯಾನ್ಸರ್ ಇತ್ತು. ಅದರಲ್ಲಿ 54 ಜನರಿಗೆ ಟೆಸ್ಟ್ ಪಾಸಿಟಿವ್, 11 ಜನರಿಗೆ ನೆಗೆಟಿವ್. 54ನ್ನು 65ರಿಂದ ಭಾಗಿಸಿದರೆ 83 ಪರ್ಸೆಂಟ್. ಇದೇ ಸೆನ್ಸಿಟಿವಿಟಿ: ರೋಗ ಇದ್ದವರಲ್ಲಿ ಎಷ್ಟು ಜನರನ್ನು ಹಿಡಿಯಿತು. ಕ್ಯಾನ್ಸರ್ ಆಗಲಿ, ಕ್ಯಾನ್ಸರ್ ಆಗುವ ಹಾದಿಯಲ್ಲಿರುವ ದೊಡ್ಡ ಪಾಲಿಪ್ (ಕರುಳಿನ ಒಳಗೋಡೆಯ ಗಂಟು) ಆಗಲಿ ಇಲ್ಲದವರಲ್ಲಿ ನೂರಕ್ಕೆ 89.6 ಜನರಿಗೆ ನೆಗೆಟಿವ್ ಬಂತು. ಇದು ಸ್ಪೆಸಿಫಿಸಿಟಿ. ಅಂದರೆ ನೂರಕ್ಕೆ ಸುಮಾರು 10 ಜನರನ್ನು ಸುಮ್ನೆ ಹೆದರಿಸಿತು.

ಇಲ್ಲಿ ಒಂದು ಸಣ್ಣ ವಿಷಯಕ್ಕೆ ನಿಲ್ಲಿ. 7,861 ದೊಡ್ಡ ಸಂಖ್ಯೆ. ಆದರೆ ಸೆನ್ಸಿಟಿವಿಟಿ ನಿಂತಿರುವುದು 65 ಜನರ ಮೇಲೆ. ಇನ್ನು ನಾಲ್ಕೈದು ಜನ ಆಚೆ ಈಚೆ ಆಗಿದ್ದರೆ 83 ಎಂಬುದು 76 ಆಗುತ್ತಿತ್ತು ಅಥವಾ 90 ಆಗುತ್ತಿತ್ತು. ಲೇಖನದಲ್ಲೇ ಆ ಅಂತರ ಕೊಟ್ಟಿದ್ದಾರೆ: 72ರಿಂದ 90. ಒಂದೇ ಅಂಕಿ ಕೊಟ್ಟು ಈ ಅಂತರ ಕೊಡದ ವರದಿ ಅರ್ಧ ವರದಿ.

"ಆಕ್ಯುರೆಸಿ 99 ಪರ್ಸೆಂಟ್" ಎಂಬ ಮಾತು ಬಂದರೆ ಇನ್ನೂ ಹುಷಾರು. ಹತ್ತು ಸಾವಿರ ಜನರಲ್ಲಿ ಹತ್ತು ಜನರಿಗೆ ಕ್ಯಾನ್ಸರ್ ಇದೆ ಎಂದುಕೊಳ್ಳಿ. ಟೆಸ್ಟ್ ಮಾಡದೆಯೇ ಎಲ್ಲರಿಗೂ "ನಿಮಗೆ ಇಲ್ಲ" ಎಂದು ಬರೆದು ಕೊಟ್ಟರೂ ಅದು 99.9 ಪರ್ಸೆಂಟ್ ಸರಿ. ಒಬ್ಬ ರೋಗಿಯನ್ನೂ ಹಿಡಿದಿರುವುದಿಲ್ಲ, ಅಲ್ವಾ?

ಅಂಕಿಯನ್ನು ನಮ್ಮ ಊರಿಗೆ ತನ್ನಿ

ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಗೊತ್ತಾಯಿತು. ಆದರೆ ರಿಪೋರ್ಟ್ ಕೈಯಲ್ಲಿ ಹಿಡಿದವರಿಗೆ ಬೇಕಾದ್ದು ಬೇರೆ: "ನನಗೆ ಪಾಸಿಟಿವ್ ಬಂದಿದೆ, ನಿಜವಾಗಿ ಕ್ಯಾನ್ಸರ್ ಇರುವ ಸಾಧ್ಯತೆ ಎಷ್ಟು?" ಇದಕ್ಕೆ ಮೂರನೆಯ ಅಂಕಿ ಬೇಕು. ನಿಮ್ಮಂಥ ಜನರಲ್ಲಿ ಈ ರೋಗ ಎಷ್ಟಿದೆ ಎಂಬುದು.

ಎಕ್ಲಿಪ್ಸ್‌ನಲ್ಲಿ ಸಾವಿರಕ್ಕೆ ಎಂಟು ಜನರಿಗೆ ಕ್ಯಾನ್ಸರ್ ಇತ್ತು. ಭಾರತದಲ್ಲಿ ಕರುಳಿನ ಕ್ಯಾನ್ಸರ್ ಅಮೆರಿಕಕ್ಕಿಂತ ಬಹಳ ಕಡಿಮೆ. ಅದಕ್ಕೇ ನಮ್ಮ ಸರ್ಕಾರದ ಸ್ಕ್ರೀನಿಂಗ್ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಇವೆ, ಕರುಳಿನದು ಇಲ್ಲ. ಲೆಕ್ಕಕ್ಕಾಗಿ ಸಾವಿರಕ್ಕೆ ಒಬ್ಬರು ಎಂದು ಇಟ್ಟುಕೊಳ್ಳೋಣ. ಇದು ನಾನು ಹಿಡಿದ ಊಹೆ, ನೀವು ಬೇರೆ ಅಂಕಿ ಹಾಕಿ ನೋಡಬಹುದು.

ಹತ್ತು ಸಾವಿರ ಜನ. ಹತ್ತು ಕ್ಯಾನ್ಸರ್. ಶೀಲ್ಡ್‌ನಂಥ ಟೆಸ್ಟ್ ಅದರಲ್ಲಿ 8 ಹಿಡಿಯುತ್ತದೆ. ಉಳಿದ 9,990 ಜನರಲ್ಲಿ ಸುಮಾರು 1,040 ಜನರಿಗೆ ಸುಳ್ಳು ಪಾಸಿಟಿವ್. ಪಾಸಿಟಿವ್ ಬಂದ 1,048 ಜನರಲ್ಲಿ ಕ್ಯಾನ್ಸರ್ ಇರುವವರು 8. ನೂರಕ್ಕೆ ಒಬ್ಬರೂ ಇಲ್ಲ. ಮಿಕ್ಕವರಲ್ಲಿ ಕೆಲವರಿಗೆ ಪಾಲಿಪ್ ಸಿಗಬಹುದು, ಅದು ಲಾಭವೇ. ಉಳಿದವರೆಲ್ಲ ಕೊಲೊನೋಸ್ಕೋಪಿಗೆ ಸಾಲು ನಿಲ್ಲಬೇಕು. ನಮ್ಮ ಜಿಲ್ಲೆಗಳಲ್ಲಿ ಕೊಲೊನೋಸ್ಕೋಪಿ ಮಾಡುವವರು ಎಷ್ಟಿದ್ದಾರೆ ಎಂದು ಯೋಚಿಸಿ.

ಸಿಇಎ ಲೆಕ್ಕ ಇನ್ನೂ ಕೆಟ್ಟದು. 1986ರಲ್ಲಿ ಫ್ಲೆಚರ್ ಎಂಬ ವೈದ್ಯರು ಆವರೆಗಿನ ಅಧ್ಯಯನಗಳನ್ನು ಸೇರಿಸಿ ನೋಡಿದರು. ಕಟ್‌ಆಫ್ 2.5 ಇಟ್ಟರೆ ಶುರುವಿನ ಹಂತದ ಕ್ಯಾನ್ಸರ್‌ಗೆ ಸೆನ್ಸಿಟಿವಿಟಿ ಸುಮಾರು 36, ಸ್ಪೆಸಿಫಿಸಿಟಿ ಸುಮಾರು 87. ನಮ್ಮ ಹತ್ತು ಸಾವಿರ ಜನರಿಗೆ ಹಾಕಿ: ಹತ್ತರಲ್ಲಿ ಮೂರೋ ನಾಲ್ಕೋ ಸಿಗುತ್ತವೆ, ಆರೇಳು ತಪ್ಪಿಹೋಗುತ್ತವೆ, ಸುಮಾರು 1,300 ಜನ ಸುಮ್ನೆ ಹೆದರುತ್ತಾರೆ. 6.2 ಬಂದವಳಿಗೆ ನಾನು ಹೇಳಿದ್ದು ಇದನ್ನೇ. ಕ್ಯಾನ್ಸರ್ ಇದೆ ಎಂದು ಈ ಅಂಕಿ ಹೇಳುವುದಿಲ್ಲ. ಇಲ್ಲ ಎಂದೂ ಹೇಳುವುದಿಲ್ಲ. ಡಾಕ್ಟರ ಹತ್ತಿರ ಹೋಗು, ಹೊಟ್ಟೆ, ಮಲ, ತೂಕ, ಮನೆಯವರ ಕಾಯಿಲೆ ಎಲ್ಲ ಹೇಳು, ಅವರು ಹೇಳಿದರೆ ಅದೇ ಲ್ಯಾಬ್‌ನಲ್ಲಿ ಮತ್ತೆ ಮಾಡಿಸು.

ಪಾಲಿಪ್ ವಿಷಯ: ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ

ಕರುಳಿನ ಕ್ಯಾನ್ಸರ್ ಬೇರೆ ಅನೇಕ ಕ್ಯಾನ್ಸರ್‌ಗಳ ಹಾಗಲ್ಲ. ಸಾಮಾನ್ಯವಾಗಿ ಮೊದಲು ಪಾಲಿಪ್ ಎಂಬ ಸಣ್ಣ ಗಂಟು ಹುಟ್ಟುತ್ತದೆ. ಅದು ವರ್ಷಗಟ್ಟಲೆ ಬೆಳೆದು ಕ್ಯಾನ್ಸರ್ ಆಗುತ್ತದೆ. ಕೊಲೊನೋಸ್ಕೋಪಿ ಮಾಡುವಾಗಲೇ ಪಾಲಿಪ್ ಕತ್ತರಿಸಿ ತೆಗೆದರೆ ಅದರಿಂದ ಬರಬೇಕಿದ್ದ ಕ್ಯಾನ್ಸರ್ ಬರುವುದೇ ಇಲ್ಲ. ರೋಗವನ್ನು ಬೇಗ ಹಿಡಿಯುವುದು ಒಂದು, ಬಾರದಂತೆ ಮಾಡುವುದು ಇನ್ನೊಂದು. ಕರುಳಿನಲ್ಲಿ ಎರಡೂ ಸಾಧ್ಯ. ಇಂಥ ಅವಕಾಶ ಇರುವ ಕ್ಯಾನ್ಸರ್ ಹೆಚ್ಚಿಲ್ಲ.

ರಕ್ತದ ಟೆಸ್ಟ್‌ನ ದೊಡ್ಡ ಕೊರತೆ ಇಲ್ಲಿದೆ. ಎಕ್ಲಿಪ್ಸ್‌ನಲ್ಲಿ ಅಪಾಯದ ಪಾಲಿಪ್ ಇದ್ದವರು 1,116 ಜನ. ಶೀಲ್ಡ್ ಹಿಡಿದದ್ದು 147. ಅಂದರೆ 13 ಪರ್ಸೆಂಟ್. ಹಳೆಯ ಸೆಪ್ಟಿನ್ 9 ಟೆಸ್ಟ್ ಹಿಡಿದದ್ದು 11 ಪರ್ಸೆಂಟ್. ಫ್ರೀನೋಮ್ ಎಂಬ ಇನ್ನೊಂದು ಕಂಪನಿಯ ರಕ್ತದ ಟೆಸ್ಟ್‌ನ ಅಧ್ಯಯನ 2025ರಲ್ಲಿ ಪ್ರಕಟವಾಯಿತು, 27,010 ಜನರ ಮೇಲೆ. ಕ್ಯಾನ್ಸರ್‌ಗೆ ಅದು 79 ಪರ್ಸೆಂಟ್, ಅಪಾಯದ ಪಾಲಿಪ್‌ಗೆ 12.5. ಮೂರು ಬೇರೆ ತಂತ್ರಜ್ಞಾನ, ಹತ್ತು ವರ್ಷದ ಅಂತರ, ಪಾಲಿಪ್ ಅಂಕಿ ಮಾತ್ರ ಅಲ್ಲೇ ನಿಂತಿದೆ. ಅಧ್ಯಯನದಲ್ಲಿ ರೋಗ ಇಲ್ಲದ ನೂರು ಜನರಲ್ಲಿ ಹತ್ತು ಜನರಿಗೆ ಸುಮ್ನೆ ಪಾಸಿಟಿವ್ ಬರುತ್ತದೆ ಎಂಬುದನ್ನು ನೆನಪಿಡಿ. ಪಾಲಿಪ್ ಇದ್ದವರಲ್ಲಿ 13 ಬಂದರೆ, ಟೆಸ್ಟ್ ಪಾಲಿಪನ್ನು ನಿಜವಾಗಿ ಕಂಡದ್ದು ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ಕಾರಣ ಸರಳ. ಪಾಲಿಪ್ ಕರುಳಿನ ಒಳಗೋಡೆಗೆ ಅಂಟಿಕೊಂಡು ಒಳಗಿನ ಜಾಗಕ್ಕೆ ಚಾಚಿಕೊಂಡಿರುತ್ತದೆ. ಅದರಿಂದ ಕಳಚಿದ ಜೀವಕೋಶ, ಒಸರಿದ ರಕ್ತ ಎಲ್ಲ ಮಲದ ಜೊತೆ ಹೋಗುತ್ತದೆ. ಗಡ್ಡೆ ಗೋಡೆಯ ಒಳಕ್ಕೆ ಬೇರೂರಿ ರಕ್ತನಾಳ ಮುಟ್ಟಿದ ಮೇಲೆಯೇ ಅದರ ಡಿಎನ್‌ಎ ರಕ್ತದಲ್ಲಿ ಸಾಕಷ್ಟು ಸಿಗುವುದು. ಮೊದಲ ಹಂತದ ಕ್ಯಾನ್ಸರ್‌ನಲ್ಲೂ ಇದೇ ತೊಂದರೆ. ಎಕ್ಲಿಪ್ಸ್‌ನಲ್ಲಿ ಎರಡನೆಯ ಹಂತದ 14ಕ್ಕೆ 14, ಮೂರನೆಯ ಹಂತದ 17ಕ್ಕೆ 17 ಸಿಕ್ಕವು. ಮೊದಲ ಹಂತದಲ್ಲಿ 17ಕ್ಕೆ 11. ಹಾಗಾಗಿ ಒಟ್ಟು ಸೆನ್ಸಿಟಿವಿಟಿ ನೋಡಿ ಸುಮ್ಮನಾಗಬೇಡಿ. ಹಂತ ಹಂತವಾಗಿ ಎಷ್ಟು, ಪ್ರತಿ ಹಂತದಲ್ಲಿ ಎಷ್ಟು ಜನ ಇದ್ದರು ಎಂದು ಕೇಳಿ.

ಚಿಕ್ಕಪ್ಪನ ಮಗನಿಗೆ ನಾನು ಹೇಳಿದ ಉತ್ತರ ಇದು. ಕೊಲೊನೋಸ್ಕೋಪಿ ಮಾಡಿಸಿಕೊಳ್ಳಲು ಮನಸ್ಸಿದ್ದರೆ ಅದನ್ನೇ ಮಾಡಿಸು. ಆಗದಿದ್ದರೆ ಮಲದ ಟೆಸ್ಟ್ ಮಾಡಿಸು. ಎರಡನ್ನೂ ಖಂಡಿತ ಮಾಡಿಸುವುದಿಲ್ಲ ಅಂತಿದ್ದರೆ ಮಾತ್ರ ರಕ್ತದ ಟೆಸ್ಟ್, ಮೂರು ವರ್ಷಕ್ಕೊಮ್ಮೆ. ಏನೂ ಮಾಡಿಸದೆ ಕೂರುವುದಕ್ಕಿಂತ ಅದು ಖಂಡಿತ ಒಳ್ಳೆಯದು. ಅವನಿಗೆ ಇನ್ನೊಂದು ಪ್ರಶ್ನೆಯೂ ಕೇಳಿದೆ: ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತಾ? ಇದ್ದರೆ ಶೀಲ್ಡ್ ಅವರಿಗೆ ಅಲ್ಲವೇ ಅಲ್ಲ. ಅವರು 40ಕ್ಕೆ, ಅಥವಾ ಮನೆಯವರಿಗೆ ರೋಗ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆ ಬರುತ್ತದೋ ಆಗ ಕೊಲೊನೋಸ್ಕೋಪಿ ಶುರು ಮಾಡಬೇಕು.

ಅಗ್ಗದ ಟೆಸ್ಟ್ ಪಕ್ಕ ಇಟ್ಟು ನೋಡಿ

ಹೊಸ ಟೆಸ್ಟನ್ನು ಯಾವತ್ತೂ ಒಂಟಿಯಾಗಿ ಅಳೆಯಬೇಡಿ. ಈಗಾಗಲೇ ಇರುವ, ಕಡಿಮೆ ಖರ್ಚಿನ ಟೆಸ್ಟ್ ಪಕ್ಕ ಇಡಿ. ಇಲ್ಲಿ ಆ ಟೆಸ್ಟ್ ಎಫ್‌ಐಟಿ, ಮಲದಲ್ಲಿ ಕಣ್ಣಿಗೆ ಕಾಣದ ಮನುಷ್ಯರ ರಕ್ತವನ್ನು ಹುಡುಕುವುದು. 2014ರಲ್ಲಿ ಸುಮಾರು ಹತ್ತು ಸಾವಿರ ಜನರ ಮೇಲೆ ನಡೆದ ಅಮೆರಿಕದ ಒಂದು ಅಧ್ಯಯನದಲ್ಲಿ ಎಫ್‌ಐಟಿ ಒಂದೇ ಸಲಕ್ಕೆ ಕ್ಯಾನ್ಸರ್‌ನಲ್ಲಿ 74, ಅಪಾಯದ ಪಾಲಿಪ್‌ನಲ್ಲಿ 24 ಪರ್ಸೆಂಟ್ ಹಿಡಿಯಿತು. ಸ್ಪೆಸಿಫಿಸಿಟಿ 95. ಮೆಡಿಕೇರ್, ಅಂದರೆ ಮುಖ್ಯವಾಗಿ ಹಿರಿಯರಿಗಾಗಿ ಇರುವ ಅಮೆರಿಕ ಸರ್ಕಾರದ ಆರೋಗ್ಯ ವಿಮೆ, 2021ರಲ್ಲಿ ರಕ್ತದ ಟೆಸ್ಟ್‌ಗೆ ಹಣ ಕೊಡಲು ಹಾಕಿದ ಗೆರೆಯೂ ಹತ್ತಿರ ಹತ್ತಿರ ಇದೇ: ಸೆನ್ಸಿಟಿವಿಟಿ 74, ಸ್ಪೆಸಿಫಿಸಿಟಿ 90.

ನಮ್ಮ ಹತ್ತು ಸಾವಿರ ಜನರಿಗೆ ಎಫ್‌ಐಟಿ ಹಾಕಿದರೆ 7 ಕ್ಯಾನ್ಸರ್ ಸಿಗುತ್ತವೆ, ಸುಮಾರು 500 ಸುಳ್ಳು ಪಾಸಿಟಿವ್. ರಕ್ತದ ಟೆಸ್ಟ್‌ಗೆ 8 ಮತ್ತು 1,040. ಬೇರೆ ಬೇರೆ ಅಧ್ಯಯನದ ಅಂಕಿಗಳನ್ನು ಹೀಗೆ ನೇರವಾಗಿ ಹೋಲಿಸುವುದು ಪಕ್ಕಾ ವಿಧಾನವಲ್ಲ, ಆದರೂ ಅಂದಾಜು ಸಿಗುತ್ತದೆ. ಒಂದು ಕ್ಯಾನ್ಸರ್ ಹೆಚ್ಚು ಹಿಡಿಯಲು ಐನೂರಕ್ಕೂ ಮೇಲೆ ಜನ ಸುಮ್ನೆ ಕೊಲೊನೋಸ್ಕೋಪಿಗೆ ಹೋಗಬೇಕು. ಪಾಲಿಪ್ ಲೆಕ್ಕದಲ್ಲಿ ಎಫ್‌ಐಟಿಯೇ ಮುಂದೆ. ಅದನ್ನು ವರ್ಷ ವರ್ಷ ಮಾಡಿಸುತ್ತಾರೆ, ಹಾಗಾಗಿ ಈ ಸಲ ತಪ್ಪಿದ್ದು ಮುಂದಿನ ಸಲ ಸಿಗಬಹುದು. ಶೀಲ್ಡ್‌ನ ಬೆಲೆ ಅಲ್ಲಿ ಸುಮಾರು 1,500 ಡಾಲರ್.

ಕೊನೆಯ ಅಳತೆಗೋಲು ಸಾವು. ಹೆಚ್ಚು ಕ್ಯಾನ್ಸರ್ ಹಿಡಿದರು ಎಂಬುದಲ್ಲ, ಅದರಿಂದ ಸಾಯುವವರು ಕಡಿಮೆಯಾದರಾ ಎಂಬುದು. ಮಲದ ಟೆಸ್ಟ್‌ಗೆ ಆ ಸಾಕ್ಷಿ ಇದೆ. ಅಮೆರಿಕದ ಮಿನೆಸೋಟಾದಲ್ಲಿ 46 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ವರ್ಷಕ್ಕೊಮ್ಮೆ ಹಳೆಯ ಮಾದರಿಯ ಮಲದ ರಕ್ತಪರೀಕ್ಷೆ ಮಾಡಿಸಿದವರ ಗುಂಪಿನಲ್ಲಿ ಕರುಳಿನ ಕ್ಯಾನ್ಸರ್‌ನಿಂದ ಆಗುವ ಸಾವು 33 ಪರ್ಸೆಂಟ್ ಕಡಿಮೆಯಾಗಿತ್ತು. ಎಕ್ಲಿಪ್ಸ್‌ನಂಥ ಅಧ್ಯಯನಗಳು ಹಿಡಿಯುವ ಶಕ್ತಿಯನ್ನು ಮಾತ್ರ ಅಳೆದಿವೆ, ಸಾವನ್ನು ಅಳೆದಿಲ್ಲ.

ಕಟ್‌ಆಫ್ ಮತ್ತು ಲ್ಯಾಬಿನ ಒಳಗಿನ ಮಾತು

ಕಟ್‌ಆಫ್ ಎಂಬುದು ಜರಡಿಯ ಕಣ್ಣಿನ ಹಾಗೆ. ಕಣ್ಣು ಸಣ್ಣದು ಮಾಡಿದರೆ ಹೆಚ್ಚು ರೋಗಿಗಳು ಸಿಗುತ್ತಾರೆ, ಜೊತೆಗೆ ಆರೋಗ್ಯವಂತರೂ ಸಿಕ್ಕಿಬೀಳುತ್ತಾರೆ. ದೊಡ್ಡದು ಮಾಡಿದರೆ ಎರಡೂ ಕಡಿಮೆ. ಹಾಗಾಗಿ ಯಾರಾದರೂ ಸೆನ್ಸಿಟಿವಿಟಿ ಮಾತ್ರ ಹೇಳಿ ಸ್ಪೆಸಿಫಿಸಿಟಿ ಹೇಳದಿದ್ದರೆ ಕೇಳಿ ಪಡೆಯಿರಿ. ಎರಡೂ ಅಂಕಿ ಒಂದೇ ಕಟ್‌ಆಫ್‌ನಲ್ಲಿ ಬಂದಿರಬೇಕು.

ಸಿಇಎ ರಿಪೋರ್ಟಿನಲ್ಲಿ ಮೆಥಡ್ ಎಂಬ ಸಾಲು ಇರುತ್ತದೆ. ಯಾರೂ ಓದುವುದಿಲ್ಲ, ದಯವಿಟ್ಟು ಓದಿ. ಬೇರೆ ಕಂಪನಿಯ ಕಿಟ್ ಬೇರೆ ಅಂಕಿ ಕೊಡುತ್ತದೆ. ಆಪರೇಷನ್ ಆದವರು ಒಂದು ಸಲ ಇಲ್ಲಿ, ಇನ್ನೊಂದು ಸಲ ಬೆಂಗಳೂರಿನಲ್ಲಿ ಮಾಡಿಸಿ, 3 ಇದ್ದದ್ದು 4.5 ಆಯಿತು ಎಂದು ನಿದ್ದೆಗೆಡುತ್ತಾರೆ. ಒಂದೇ ಲ್ಯಾಬ್, ಒಂದೇ ಮೆಥಡ್ ಇದ್ದರೆ ಮಾತ್ರ ಏರಿಕೆ ಇಳಿಕೆಗೆ ಅರ್ಥ. ಕೂದಲು ಉದುರುವುದಕ್ಕೆ ದೊಡ್ಡ ಡೋಸಿನ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮೊದಲು ಹೇಳಿ. ಕೆಲವು ಮೆಥಡ್‌ಗಳಲ್ಲಿ ಅದು ಅಂಕಿಯನ್ನು ಸುಳ್ಳೇ ಕಡಿಮೆ ತೋರಿಸುತ್ತದೆ. ಸಿಗರೇಟು ಸೇದುತ್ತಿದ್ದರೆ ಅದನ್ನೂ ಹೇಳಿ. ಅನೇಕ ಲ್ಯಾಬ್‌ಗಳಲ್ಲಿ ಸೇದದವರಿಗೆ 3, ಸೇದುವವರಿಗೆ 5 ಎಂದು ಬೇರೆ ಬೇರೆ ಮಿತಿ ಇರುತ್ತದೆ.

ಡಿಎನ್‌ಎ ಟೆಸ್ಟ್‌ಗಳಲ್ಲಿ ಟ್ಯೂಬ್ ಬಹಳ ಮುಖ್ಯ. ಸಾಮಾನ್ಯ ಟ್ಯೂಬಿನಲ್ಲಿ ರಕ್ತ ಹೆಚ್ಚು ಹೊತ್ತು ಇದ್ದರೆ ಬಿಳಿ ರಕ್ತಕಣ ಒಡೆದು ಅದರ ಡಿಎನ್‌ಎ ಚೆಲ್ಲುತ್ತದೆ. ಗಡ್ಡೆಯ ನಾಲ್ಕು ತುಣುಕು ಅದರಲ್ಲಿ ಮುಳುಗಿಹೋಗುತ್ತವೆ. ಅದಕ್ಕೇ ಕಣ ಒಡೆಯದಂತೆ ಕಾಯುವ ವಿಶೇಷ ಟ್ಯೂಬ್ ಬಳಸುತ್ತಾರೆ. ಮನೆಗೆ ಬಂದು ರಕ್ತ ತೆಗೆದು ದೂರದೂರಿಗೆ ಕಳಿಸುವ ಟೆಸ್ಟ್ ಆದರೆ ಯಾವ ಟ್ಯೂಬ್, ಎಷ್ಟು ಗಂಟೆಯೊಳಗೆ ತಲುಪಬೇಕು ಎಂದು ಕೇಳುವ ಹಕ್ಕು ನಿಮಗಿದೆ.

ತೊಂದರೆ ಇರುವವರಿಗೆ ಈ ಲೆಕ್ಕ ಯಾವುದೂ ಬೇಡ

ನಮ್ಮ ಸೋದರಮಾವ ಹರಿಹರದವರು. ಮಲದಲ್ಲಿ ರಕ್ತ ಬರುತ್ತಿತ್ತು. ಮೂಲವ್ಯಾಧಿ ಎಂದುಕೊಂಡು ಔಷಧಿ ಅಂಗಡಿಯ ಮುಲಾಮು ಹಚ್ಚುತ್ತಿದ್ದರು. ನಡುವೆ ಯಾವುದೋ ಪ್ಯಾಕೇಜು ಮಾಡಿಸಿದರು. ಸಿಇಎ 2.1. "ಕ್ಯಾನ್ಸರ್ ಟೆಸ್ಟೂ ನಾರ್ಮಲ್" ಎಂದು ಮನೆಯವರೆಲ್ಲ ನೆಮ್ಮದಿಯಾದರು. ನಮಗೆ ವಿಷಯ ಗೊತ್ತಾದದ್ದು ಅವರು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹೊತ್ತಿಗೆ. ಹಿಮೋಗ್ಲೋಬಿನ್ 8.4 ಇತ್ತು. ಕೊಲೊನೋಸ್ಕೋಪಿಯಲ್ಲಿ ಗಡ್ಡೆ ಸಿಕ್ಕಿತು. ಆಪರೇಷನ್ ಆಗಿ ಈಗ ಚೆನ್ನಾಗಿದ್ದಾರೆ. ಆದರೆ ಆ ಒಂದು ನಾರ್ಮಲ್ ಅಂಕಿ ಕದ್ದುಕೊಂಡ ತಿಂಗಳುಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮಲದಲ್ಲಿ ರಕ್ತ, ಕೆಲವು ವಾರಗಳಿಂದ ಬದಲಾದ ಮಲದ ರೀತಿ, ಕಾರಣವಿಲ್ಲದೆ ಇಳಿದ ತೂಕ, ಗಂಡಸರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ. ಇವುಗಳಲ್ಲಿ ಯಾವುದಿದ್ದರೂ ರಕ್ತದ ಮಾರ್ಕರ್ ನೆಗೆಟಿವ್ ಬಂದಿದೆ ಎಂದು ಸುಮ್ಮನಿರಬೇಡಿ. ಸ್ಕ್ರೀನಿಂಗ್ ಟೆಸ್ಟ್‌ಗಳ ಅಂಕಿಗಳೆಲ್ಲ ತೊಂದರೆ ಇಲ್ಲದವರ ಮೇಲೆ ಮಾಡಿದವು. ನಿಮಗೆ ಬೇಕಾದ್ದು ಡಾಕ್ಟರ ಪರೀಕ್ಷೆ, ಬಹುಶಃ ಕೊಲೊನೋಸ್ಕೋಪಿ. 30 ವಯಸ್ಸಾದರೂ ಸರಿ, ಚಿಕ್ಕವರು ಎಂದು ತಳ್ಳಿಹಾಕಬೇಡಿ.

ಹಾಗೆಯೇ, ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿ ಮಾಡಿಸುತ್ತೀರಾ ಎಂದು ರಕ್ತ ಕೊಡುವ ಮೊದಲೇ ನಿಮ್ಮನ್ನೇ ಕೇಳಿಕೊಳ್ಳಿ. ಮಾಡಿಸುವುದಿಲ್ಲ ಎಂದರೆ ಆ ಟೆಸ್ಟ್‌ನಿಂದ ಭಯ ಬಿಟ್ಟು ಬೇರೇನೂ ಸಿಗುವುದಿಲ್ಲ.

ತೊಂದರೆ ಏನೂ ಇಲ್ಲ, ವಯಸ್ಸು 50ರ ಹತ್ತಿರ ಬಂತು, ಏನಾದರೂ ಮಾಡಿಸಬೇಕು ಎನ್ನುವವರು ಡಾಕ್ಟರ ಹತ್ತಿರ ಎಫ್‌ಐಟಿ ಬಗ್ಗೆ ಕೇಳಿ. ಲ್ಯಾಬಿನಲ್ಲಿ "ಸ್ಟೂಲ್ ಅಕಲ್ಟ್ ಬ್ಲಡ್" ಎಂದರೆ ಹಳೆಯ ಮಾದರಿಯದೂ ಆಗಿರಬಹುದು, ಅದು ತಿಂದ ಮಾಂಸದ ರಕ್ತಕ್ಕೂ ಪಾಸಿಟಿವ್ ತೋರಿಸಬಹುದು. "ಇಮ್ಯುನೋಕೆಮಿಕಲ್ ಮೆಥಡ್ಡಾ?" ಎಂದು ಕೌಂಟರಿನಲ್ಲೇ ಕೇಳಿ. ಎಫ್‌ಐಟಿಗೆ ಊಟದ ಪಥ್ಯ ಬೇಡ. ಕಮೋಡಿನ ನೀರು ತಾಗದಂತೆ ಮೇಲೊಂದು ಪೇಪರ್ ಹಾಸಿ ಮಲ ಹಿಡಿಯಿರಿ. ಮೂತ್ರ ಬೆರೆಯಬಾರದು. ಮುಟ್ಟಿನ ದಿನಗಳಲ್ಲಿ, ಮೂಲವ್ಯಾಧಿಯಿಂದ ರಕ್ತ ಸೋರುತ್ತಿರುವಾಗ ಬೇಡ. ಕಡ್ಡಿಯಿಂದ ಎರಡು ಮೂರು ಕಡೆ ಚುಚ್ಚಿ ಸ್ವಲ್ಪವೇ ತೆಗೆದು, ಟ್ಯೂಬ್ ಮುಚ್ಚಿ, ಬಿಸಿಲಿನಲ್ಲಿಡದೆ ಅವತ್ತೇ ಲ್ಯಾಬಿಗೆ ತಲುಪಿಸಿ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಅರ್ಧ ದಿನ ಬಿಟ್ಟರೆ ರಕ್ತದ ಅಂಶ ಹಾಳಾಗಿ, ಇದ್ದದ್ದೂ ಇಲ್ಲ ಎಂದು ಬರಬಹುದು.